ಆಡುವ ಹೆಣ್ಣುಮಕ್ಕಳಿಗೆ ಶಾಲೆ ಸಲ್ಲಿಸಬೇಕಾದ ಗೌರವ

ಪಾಠಶಾಲೆಯ ಸ್ಮರಣ ಸಂಚಿಕೆಯೆಂದರೆ ಅದರಲ್ಲಿ ಪರೀಕ್ಷೆಯಲ್ಲಿ ಪ್ರಥಮ ವರ್ಗದಲ್ಲಿ ತೇರ್ಗಡೆಯಾದವರ ಪಟ್ಟಿಯೂ, ಪದಕ ಪಡೆದವರ ಭಾವಚಿತ್ರಗಳೂ, ಉಪಕಾರಿಗಳಿಗೆ ಸಲ್ಲಿಸುವ ವಂದನೆಯೂ ಇರುವುದು ವಾಡಿಕೆ. ಅವೆಲ್ಲವೂ ಈ ಸಂಚಿಕೆಯಲ್ಲಿ ತಕ್ಕ ಸ್ಥಳದಲ್ಲಿ ಇದ್ದೇ ಇವೆ. ಆದರೆ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಈಗ ಅಮೇರಿಕಾ ದೇಶದಲ್ಲಿ ಸಂಸಾರ ಹೂಡಿಕೊಂಡಿರುವರು. ಅವರ ಹೆಣ್ಣುಮಕ್ಕಳು ಅಲ್ಲಿಯ ಹೈಸ್ಕೂಲುಗಳಲ್ಲಿ ಓದುತ್ತಿರುವರು. ಅವರು ನಮಗೆ ಬರೆಯುವ ಕಾಗದಗಳಲ್ಲಿ ಅಲ್ಲಿಯ ಒಂದು ಪದ್ಧತಿಯನ್ನು ಮೇಲಿಂದ ಮೇಲೆ ವರ್ಣಿಸಿ, “ನಮ್ಮ ಶಾಲೆಯಲ್ಲಿಯೂ ಇಂಥದೊಂದು ಏಕಾಗಬಾರದು, ಟೀಚರ್?” ಎಂದು ಕೇಳಿರುವುದುಂಟು. ಆಟದಲ್ಲಿ ಮುಂದಾಗಿ, ಕಾಲೇಜಿನಲ್ಲಿಯೂ ಆಡುವೆನೆಂದು ಮಾತುಕೊಟ್ಟ ಮಕ್ಕಳನ್ನು ಹೈಸ್ಕೂಲು ಎಲ್ಲರ ಮುಂದೆ ಕರೆದು ಗೌರವಿಸುವ ಪದ್ಧತಿಯೇ ಅದು.

ಪ್ರಶ್ನೆ ಚಿಕ್ಕದು, ಉತ್ತರ ಅಷ್ಟು ಚಿಕ್ಕದಲ್ಲ. ಒಂದು ಪಾಠಶಾಲೆಯು ಯಾರನ್ನು ಕರೆದು ಸಭೆಯ ಮುಂದೆ ನಿಲ್ಲಿಸುವುದೋ, ಅದನ್ನು ನೋಡಿಯೇ ಉಳಿದ ಮಕ್ಕಳು ಶಾಲೆಗೆ ಯಾವುದು ಪ್ರಿಯವೆಂಬುದನ್ನು ಕಲಿಯುವರು. ನಾವು ಬಾಯಿಮಾತಿನಲ್ಲಿ ಬೋಧಿಸುವುದಕ್ಕಿಂತ ಇದರಿಂದ ಅವರು ಕಲಿಯುವುದು ಹೆಚ್ಚು. ಆದುದರಿಂದ ಆ ಪದ್ಧತಿಯ ಹುಟ್ಟನ್ನೂ ಗುಣದೋಷಗಳನ್ನೂ ಮೊದಲು ತಿಳಿದುಕೊಂಡು, ಅನಂತರ ನಮ್ಮ ಶಾಲೆಯ ಮಾತನ್ನು ಎತ್ತುವುದು ಯುಕ್ತವೆಂದು ಭಾವಿಸಿ ಈ ಕೆಲವು ಪುಟಗಳನ್ನು ಬರೆದಿರುವೆವು.

ಅಮೇರಿಕಾದ ಹೈಸ್ಕೂಲು ಎಂಬುದು ಸಾಮಾನ್ಯವಾಗಿ ಒಂಬತ್ತನೆಯ ತರಗತಿಯಿಂದ ಹನ್ನೆರಡನೆಯ ತರಗತಿಯ ವರೆಗಿನ ನಾಲ್ಕು ವರ್ಷಗಳ ಓದು. ನಮ್ಮ ಹೈಸ್ಕೂಲಿನ ಕೊನೆಯ ಎರಡು ವರ್ಷಗಳೂ ಪಿ.ಯು.ಸಿ.ಯೂ ಕೂಡಿದಂತೆ. ಅಲ್ಲಿಯ ಕಾಲೇಜುಗಳು ತಮ್ಮ ತಂಡಗಳಿಗೆ ಬೇಕಾದ ಹುಡುಗ ಹುಡುಗಿಯರನ್ನು ಹೈಸ್ಕೂಲುಗಳಲ್ಲಿಯೇ ಹುಡುಕಿ ಆರಿಸಿಕೊಳ್ಳುವುವು. ಹೀಗೆ ಆರಿಸಲ್ಪಟ್ಟವರಲ್ಲಿ ಕೆಲವರಿಗೆ ಕಲಿಕೆಯ ಶುಲ್ಕ, ಊಟ, ವಸತಿ, ಪುಸ್ತಕ ಇವುಗಳ ವೆಚ್ಚವನ್ನು ಪೂರ್ತಿಯಾಗಿಯೋ ಸ್ವಲ್ಪಮಟ್ಟಿಗೋ ಕಾಲೇಜೇ ವಹಿಸುವುದು. ಇಂಥ ಕಾಲೇಜಿಗೆ ಸೇರಿ ಅಲ್ಲಿಯೇ ಆಡುವೆನೆಂದು ಬರೆದುಕೊಡುವ ದಿನಕ್ಕೆ ‘ಸೈನಿಂಗ್ ಡೇ’, ಅಂದರೆ ಸಹಿಯ ದಿನ, ಎಂದು ಹೆಸರು. ಆ ದೇಶದವರು ಫುಟ್‌ಬಾಲೆಂದು ಕರೆಯುವ ಆಟವು ನಮ್ಮ ಕಾಲ್ಚೆಂಡಲ್ಲ, ಬೇರೆಯೇ ಒಂದು ಆಟ. ಆ ಆಟಕ್ಕೆ ಫೆಬ್ರವರಿ ತಿಂಗಳ ಮೊದಲನೆಯ ಬುಧವಾರವು ಬಹುಕಾಲ ಈ ಹಬ್ಬದ ದಿನವಾಗಿತ್ತು. 2017ರಿಂದ ಡಿಸೆಂಬರ್ ತಿಂಗಳಲ್ಲಿಯೂ ಒಂದು ಅವಧಿಯನ್ನು ಗೊತ್ತುಮಾಡಿದರು. ಬಾಸ್ಕೆಟ್‌ಬಾಲ್ ಮೊದಲಾದ ಇತರ ಆಟಗಳಿಗೆ ನವೆಂಬರ್ ತಿಂಗಳಿನಲ್ಲಿಯೇ ಸಹಿಯ ಕಾಲ ಆರಂಭವಾಗುವುದು.

ಆ ದಿನ ಶಾಲೆಯ ವ್ಯಾಯಾಮಶಾಲೆಯಲ್ಲಿಯೋ ಪುಸ್ತಕಾಲಯದಲ್ಲಿಯೋ ಉದ್ದನೆಯ ಮೇಜನ್ನು ಹಾಕಿ, ಅದಕ್ಕೆ ಬಟ್ಟೆ ಹೊದಿಸಿ, ಸೇರಲಿರುವ ಕಾಲೇಜಿನ ಟೋಪಿಯನ್ನೂ ಬಾವುಟವನ್ನೂ ಅದರ ಮೇಲೆ ಇಡುವರು. ವಿದ್ಯಾರ್ಥಿನಿಯು ನಡುವೆ ಕುಳಿತುಕೊಳ್ಳುವಳು. ಒಂದು ಪಕ್ಕದಲ್ಲಿ ತಾಯಿ, ಇನ್ನೊಂದು ಪಕ್ಕದಲ್ಲಿ ತಂದೆ. ತಮ್ಮತಂಗಿಯರೂ ಅಜ್ಜಅಜ್ಜಿಯರೂ ಬಂದಿದ್ದರೆ ಹಿಂದೆ ನಿಲ್ಲುವರು. ಆಟವನ್ನು ಕಲಿಸಿದವರು ಎದ್ದುನಿಂತು ಆ ಹುಡುಗಿಯ ವಿಷಯವಾಗಿ ನಾಲ್ಕು ಮಾತನ್ನು ಹೇಳುವರು. ಬಳಿಕ ಅವಳು ಸಹಿಮಾಡುವಳು. ಜೊತೆಯ ಮಕ್ಕಳು ಚಪ್ಪಾಳೆ ತಟ್ಟುವರು, ಭಾವಚಿತ್ರ ತೆಗೆಯುವರು, ಕೇಕು ಹಂಚುವರು. ಊರ ಪತ್ರಿಕೆಯಲ್ಲಿ ಆ ಚಿತ್ರವು ಅಚ್ಚಾಗುವುದೂ ಉಂಟು. ನಿಜವಾದ ಕರಾರಿನ ಸಹಿಯು ಅನೇಕವೇಳೆ ಆ ಬೆಳಿಗ್ಗೆಯೇ ಮನೆಯಲ್ಲಿ ಕಂಪ್ಯೂಟರಿನ ಮೂಲಕ ಮುಗಿದುಹೋಗಿರುತ್ತದೆ. ಮೇಜಿನ ಮೇಲಿನ ಕಾಗದವು ಬರಿಯ ಸಂಭ್ರಮದ ಕಾಗದ. ಆದರೂ ಆ ಸಂಭ್ರಮಕ್ಕಾಗಿಯೇ ಎಲ್ಲರೂ ಕೂಡುವರು.

ಆ ಕಾಗದದ ಹುಟ್ಟನ್ನು ಸ್ವಲ್ಪ ತಿಳಿಯಬೇಕು. ಹಿಂದೆ ಕಾಲೇಜುಗಳು ಒಬ್ಬನೇ ಹುಡುಗನ ಹಿಂದೆ ಬಿದ್ದು, ಒಂದು ಕಾಲೇಜಿಗೆ ಮಾತುಕೊಟ್ಟವನನ್ನು ಇನ್ನೊಂದು ಕಾಲೇಜು ಸೆಳೆದುಕೊಳ್ಳುವ ಜಗಳಗಳು ಬಹಳವಾಗಿದ್ದುವು. ಅದನ್ನು ತಡೆಯಲು 1964ರಲ್ಲಿ ‘ನ್ಯಾಷನಲ್ ಲೆಟರ್ ಆಫ್ ಇಂಟೆಂಟ್’ ಎಂಬ ಪತ್ರವನ್ನು ಏರ್ಪಡಿಸಿದರು. ನಾವು ಅದನ್ನು ಸಂಕಲ್ಪಪತ್ರವೆಂದು ಕರೆಯೋಣ. ಅದಕ್ಕೆ ಸಹಿಮಾಡಿದ ವಿದ್ಯಾರ್ಥಿಯು ಒಂದು ವರ್ಷ ಆ ಕಾಲೇಜಿನಲ್ಲಿ ಓದಲು ಒಪ್ಪಿದಂತಾಯಿತು. ಕಾಲೇಜು ಆ ಒಂದು ವರ್ಷ ಆಟದ ವಿದ್ಯಾರ್ಥಿವೇತನವನ್ನು ಕೊಡಲು ಒಪ್ಪಿದಂತಾಯಿತು. ಉಳಿದ ಕಾಲೇಜುಗಳು ಆ ಮಗುವಿನ ಬೆನ್ನು ಬಿಡಬೇಕಾಯಿತು. ಅಪ್ರಾಪ್ತ ವಯಸ್ಕರ ಪತ್ರಕ್ಕೆ ತಂದೆತಾಯಿಗಳ ಅಥವಾ ಪೋಷಕರ ಸಹಿಯೂ ಬೇಕಾಗಿತ್ತು. ಅರುವತ್ತು ವರ್ಷ ನಡೆದ ಆ ಪತ್ರದ ಏರ್ಪಾಡನ್ನು ಎನ್.ಸಿ.ಎ.ಎ. ಎಂಬ ಕಾಲೇಜು ಕ್ರೀಡೆಗಳ ಮಹಾಸಂಘವು 2024ರ ಅಕ್ಟೋಬರಿನಲ್ಲಿ ತೆಗೆದುಹಾಕಿತು. ಅದರ ಸ್ಥಾನದಲ್ಲಿ ಈಗ ಧನಸಹಾಯದ ಕರಾರುಪತ್ರವು ನಿಂತಿದೆ. ಪತ್ರ ಹೋದರೂ ಮೇಜು ಹೋಗಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಹೈಸ್ಕೂಲುಗಳು ಇಂದಿಗೂ ಬಟ್ಟೆ ಹೊದಿಸಿ, ಕುರ್ಚಿ ಹಾಕಿ, ತಂದೆತಾಯಿಗಳನ್ನು ಕರೆಯುತ್ತಲೇ ಇವೆ.

ಇದಕ್ಕಿಂತ ಹಳೆಯದಾದ ಇನ್ನೊಂದು ಗೌರವವೂ ಆ ದೇಶದಲ್ಲಿ ಉಂಟು. 1865ರಲ್ಲಿ ಹಾರ್ವರ್ಡ್ ಕಾಲೇಜಿನ ಬೇಸ್‌ಬಾಲ್ ಆಟಗಾರರು ತಮ್ಮ ಅಂಗಿಯ ಮೇಲೆ ಕಾಲೇಜಿನ ಮೊದಲ ಅಕ್ಷರವನ್ನು ಧರಿಸಿದರು. ಅಲ್ಲಿಂದ ಬೆಳೆದ ವಾಡಿಕೆಯಂತೆ ಹೈಸ್ಕೂಲುಗಳು ತಮ್ಮ ಮುಖ್ಯ ತಂಡದಲ್ಲಿ ನಿಷ್ಠೆಯಿಂದ ಆಡಿದ ಮಕ್ಕಳಿಗೆ ಶಾಲೆಯ ಹೆಸರಿನ ಮೊದಲಕ್ಷರವನ್ನು ದಪ್ಪ ಬಟ್ಟೆಯಲ್ಲಿ ಮಾಡಿ ಕೊಡುವುವು. ಮಕ್ಕಳು ಅದನ್ನು ಉಣ್ಣೆಯ ಮೇಲಂಗಿಗೆ ಹೊಲಿಸಿಕೊಳ್ಳುವರು. ಈ ಎರಡು ಗೌರವಗಳಿಗೂ ಇರುವ ಭೇದವನ್ನು ಓದುಗರು ವಿಚಾರಿಸಬೇಕು. ಅಕ್ಷರವು ಹಿಂದಕ್ಕೆ ನೋಡುವುದು: ಈ ಮಗಳು ನಮಗಾಗಿ ಇಷ್ಟು ದುಡಿದಳು ಎಂದು ಶಾಲೆಯು ತಾನು ಕಂಡುದನ್ನು ತಾನೇ ಹೇಳುವುದು. ಸಹಿಯ ಮೇಜು ಮುಂದಕ್ಕೆ ನೋಡುವುದು: ಈ ಮಗಳನ್ನು ಇಂಥ ಕಾಲೇಜು ಇಷ್ಟು ಬೆಲೆಗೆ ಬೇಡಿತು ಎಂದು ಪರರು ಕಟ್ಟಿದ ಬೆಲೆಯನ್ನು ಶಾಲೆಯು ಸಾರುವುದು. ಸಂಭ್ರಮದ ಸದ್ದಿನಲ್ಲಿ ಈ ಭೇದವು ಕಿವಿಗೆ ಬೀಳುವುದಿಲ್ಲ. ಆದರೆ ನಮ್ಮ ವಿಚಾರವೆಲ್ಲ ಇದರ ಮೇಲೆಯೇ ನಿಂತಿದೆ.

ಹಾಗೆಂದು ಆ ಮೇಜನ್ನು ನಾವು ಹಗುರವಾಗಿ ಕಾಣಕೂಡದು. ಹೆಣ್ಣುಮಕ್ಕಳು ಅಲ್ಲಿ ಬಂದು ಕುಳಿತುಕೊಳ್ಳುವುದಕ್ಕೆ ಎಷ್ಟು ವರ್ಷಗಳು ಹಿಡಿದುವೆಂಬುದನ್ನು ತಿಳಿದವರಿಗೆ ಅದರ ಬೆಲೆ ಗೊತ್ತಾಗುವುದು. ಬಾಸ್ಕೆಟ್‌ಬಾಲ್ ಆಟವನ್ನು 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ಶಿಕ್ಷಣಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಕಂಡುಹಿಡಿದರು. ಅದೇ ಸಂಸ್ಥಾನದ ಸ್ಮಿತ್ ಕಾಲೇಜಿನ ವ್ಯಾಯಾಮ ಶಿಕ್ಷಕಿ ಸೆಂಡಾ ಬೆರೆನ್‌ಸನ್ ಅವರು ಅದನ್ನು ಕೂಡಲೆ ತಮ್ಮ ಹೆಣ್ಣುಮಕ್ಕಳಿಗೆ ಕಲಿಸಿದರು. 1893ರ ಮಾರ್ಚಿಯಲ್ಲಿ ಅಲ್ಲಿ ನಡೆದ ಮೊದಲ ಪಂದ್ಯಕ್ಕೆ ಗಂಡಸರನ್ನು ಒಳಗೆ ಬಿಡಲಿಲ್ಲ. ಹುಡುಗಿಯರು ಬಹಳ ಆಯಾಸಪಡಬಾರದೆಂದು ಅಂಗಳವನ್ನು ಮೂರು ಭಾಗ ಮಾಡಿ, ಒಂದು ಭಾಗದವರು ಇನ್ನೊಂದು ಭಾಗಕ್ಕೆ ಓಡಕೂಡದೆಂಬ ನಿಯಮವನ್ನು ಮಾಡಿದರು. ಚೆಂಡನ್ನು ಕಸಿದುಕೊಳ್ಳುವುದಕ್ಕೂ ಅಪ್ಪಣೆಯಿರಲಿಲ್ಲ. ಇಂದು ಓದಿದರೆ ನಗು ಬರಬಹುದು. ಆದರೆ ಆ ಕಾಲಕ್ಕೆ ಹೆಣ್ಣುಮಗಳ ಕೈಗೆ ಚೆಂಡು ಬಂದುದೇ ದೊಡ್ಡ ಮಾತಾಗಿತ್ತು.

ಈ ಕಥೆಯ ಒಂದು ಎಳೆ ನಮ್ಮ ಅಂಗಳಕ್ಕೂ ಬಂದು ಸೇರಿದೆ. ಸ್ಪ್ರಿಂಗ್‌ಫೀಲ್ಡಿನಲ್ಲಿಯೇ ಕಲಿತ ಹ್ಯಾರಿ ಕ್ರೋ ಬಕ್ ಎಂಬವರು ಮದ್ರಾಸಿಗೆ ಬಂದು 1920ರಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣದ ಕಾಲೇಜನ್ನು ಸ್ಥಾಪಿಸಿದರು. ಅಲ್ಲಿ ತರಬೇತಿ ಹೊಂದಿದ ಉಪಾಧ್ಯಾಯರು ದಕ್ಷಿಣ ದೇಶದ ಶಾಲೆಗಳಿಗೆ ಹೋಗಿ ಈ ಆಟಗಳನ್ನು ಹರಡಿದರು. ಮಿಷನ್ ಶಾಲೆಗಳ ಅಂಗಳದಲ್ಲಿ ಬಾಸ್ಕೆಟ್‌ಬಾಲ್, ವಾಲಿಬಾಲ್ ಕಂಬಗಳು ನಿಂತುದು ಇಂಥವರ ಶ್ರಮದಿಂದಲೇ. ಲಂಗದಾವಣಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆಡಿದ ನಮ್ಮ ಹಿರಿಯ ವಿದ್ಯಾರ್ಥಿನಿಯರಿಗೆ ಆ ಕಂಬಗಳು ನೆನಪಿರಬಹುದು.

ಅಮೇರಿಕಾದಲ್ಲಿ 1971ರಲ್ಲಿ ಕಾಲೇಜು ಹೆಣ್ಣುಮಕ್ಕಳ ಆಟಗಳಿಗಾಗಿ ಪ್ರತ್ಯೇಕವಾದ ಸಂಘವೊಂದು ಏರ್ಪಟ್ಟಿತು. ಅದನ್ನು ನಡೆಸಿದವರು ಹೆಚ್ಚಾಗಿ ವ್ಯಾಯಾಮ ಶಿಕ್ಷಕಿಯರೇ. ಅವರು ಮೊದಲು ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವುದನ್ನೇ ನಿಷೇಧಿಸಿದ್ದರು. ಹುಡುಗರ ಆಟದಲ್ಲಿ ಹಣವು ಮಾಡಿದ ಹಾವಳಿಯನ್ನು ಕಂಡಿದ್ದ ಆ ಮಹಿಳೆಯರು ತಮ್ಮ ಮಕ್ಕಳನ್ನು ಅದರಿಂದ ದೂರವಿಡಬೇಕೆಂದು ಎಣಿಸಿದುದು ಸಹಜವೇ. ಆದರೆ ಹುಡುಗರಿಗೆ ದೊರೆಯುವ ಸಹಾಯವು ಹುಡುಗಿಯರಿಗೆ ಏಕಿಲ್ಲವೆಂದು ಫ್ಲಾರಿಡಾ ಸಂಸ್ಥಾನದ ಮೇರಿಮೌಂಟ್ ಕಾಲೇಜಿನ ಕಡೆಯಿಂದ ನ್ಯಾಯಸ್ಥಾನದಲ್ಲಿ ದಾವೆ ಹೂಡಲು, 1973ರಲ್ಲಿ ಆ ನಿಷೇಧವನ್ನು ಬಿಡಬೇಕಾಯಿತು. ಅದಕ್ಕೆ ಒಂದು ವರ್ಷ ಮೊದಲು, 1972ರ ಜೂನ್ 23ರಂದು, ಸರಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಗಂಡು ಹೆಣ್ಣೆಂಬ ಭೇದವನ್ನು ಮಾಡಕೂಡದೆಂಬ ಶಾಸನವು ಆ ದೇಶದಲ್ಲಿ ಜಾರಿಗೆ ಬಂದಿತ್ತು. ಅದನ್ನೇ ‘ಟೈಟಲ್ ನೈನ್’ ಎನ್ನುವರು. ಆ ಶಾಸನವನ್ನು ತರಲು ಶ್ರಮಪಟ್ಟವರಲ್ಲಿ ಹವಾಯಿಯ ಪ್ಯಾಟ್ಸಿ ಮಿಂಕ್, ಆರಿಗಾನಿನ ಎಡಿತ್ ಗ್ರೀನ್ ಎಂಬ ಇಬ್ಬರು ಮಹಿಳೆಯರ ಹೆಸರುಗಳನ್ನು ಮರೆಯಬಾರದು.

ಅದರ ಫಲವನ್ನು ಅಂಕಿಗಳೇ ಹೇಳುವುವು. 1971–72ರಲ್ಲಿ ಆ ದೇಶದ ಹೈಸ್ಕೂಲು ತಂಡಗಳಲ್ಲಿ ಆಡುತ್ತಿದ್ದ ಹುಡುಗರು 36 ಲಕ್ಷಕ್ಕೂ ಹೆಚ್ಚು. ಹುಡುಗಿಯರು 3 ಲಕ್ಷಕ್ಕೂ ಕಡಿಮೆ. 2018–19ರ ವೇಳೆಗೆ ಆಡುವ ಹುಡುಗಿಯರ ಸಂಖ್ಯೆ 34 ಲಕ್ಷಕ್ಕೆ ಏರಿತ್ತು. 1974ರಲ್ಲಿ ಆನ್ ಮೈಯರ್ಸ್ ಎಂಬ ಹೈಸ್ಕೂಲು ಹುಡುಗಿಗೆ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಬಾಸ್ಕೆಟ್‌ಬಾಲಿಗಾಗಿ ನಾಲ್ಕು ವರ್ಷಗಳ ಪೂರ್ಣ ವಿದ್ಯಾರ್ಥಿವೇತನವನ್ನು ಕೊಟ್ಟಿತು. ಅಲ್ಲಿ ಅದನ್ನು ಪಡೆದ ಮೊದಲ ಹೆಣ್ಣುಮಗಳು ಆಕೆ. ಎರಡು ವರ್ಷಗಳ ತರುವಾಯ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಬೆಳ್ಳಿಯ ಪದಕವನ್ನು ಗೆದ್ದ ತಂಡದಲ್ಲಿ ಆಕೆಯೂ ಇದ್ದಳು. ಆದುದರಿಂದ ಇಂದು ಅಲ್ಲಿ ಒಬ್ಬ ಹುಡುಗಿಯು ತಾಯಿಯ ಪಕ್ಕದಲ್ಲಿ ಕುಳಿತು ಸಹಿಮಾಡುವಾಗ, ಆ ಕುರ್ಚಿಯ ಹಿಂದೆ ಎಂಬತ್ತು ವರ್ಷಗಳ ಹೋರಾಟವು ನಿಂತಿರುವುದೆಂದು ಹೇಳಿದರೆ ತಪ್ಪಾಗಲಾರದು.

ಇನ್ನು ದೋಷಗಳ ಮಾತು. ಮೊದಲನೆಯದು, ಕಾಲಕ್ಕೆ ಮುಂಚೆ ಮಕ್ಕಳಿಂದ ಮಾತು ತೆಗೆದುಕೊಳ್ಳುವುದು. ಸಹಿಗೆ ಮೊದಲು ಬಾಯಿಮಾತಿನ ಒಪ್ಪಿಗೆಯೊಂದು ಉಂಟು; ಅದು ಹುಡುಗಿಯನ್ನಾಗಲಿ ಕಾಲೇಜನ್ನಾಗಲಿ ಕಟ್ಟಿಹಾಕುವುದಿಲ್ಲ. ಆದರೂ ಕೆಲವು ಆಟಗಳಲ್ಲಿ ಎಂಟನೆಯ ತರಗತಿಯ ಹುಡುಗಿಯರಿಂದಲೂ ಇಂಥ ಮಾತನ್ನು ಪಡೆಯುತ್ತಿದ್ದರು. ಹೈಸ್ಕೂಲಿನ ಮೆಟ್ಟಿಲನ್ನೇ ಹತ್ತದ ಮಗು ಯಾವ ಕಾಲೇಜಿಗೆ ಹೋಗುವೆನೆಂದು ಹೇಗೆ ಬಲ್ಲಳು? 2017ರಲ್ಲಿ ಲಕ್ರಾಸ್ ಎಂಬ ಆಟದ ವಿಷಯದಲ್ಲಿ, ಹನ್ನೊಂದನೆಯ ತರಗತಿಯ ಸೆಪ್ಟೆಂಬರ್ 1ಕ್ಕೆ ಮೊದಲು ಕಾಲೇಜಿನವರು ಮಕ್ಕಳೊಡನೆ ಈ ಮಾತನ್ನೇ ಎತ್ತಕೂಡದೆಂದು ನಿಯಮ ಮಾಡಿದರು. ಬಳಿಕ ಇತರ ಅನೇಕ ಆಟಗಳಿಗೂ ಇಂಥ ಗಡುವುಗಳು ಬಂದುವು.

ಎರಡನೆಯದು, ಆಡಂಬರ. ಮೇಜಿನ ಮೇಲೆ ಮೂರು ನಾಲ್ಕು ಕಾಲೇಜುಗಳ ಟೋಪಿಗಳನ್ನಿಟ್ಟು, ಒಂದನ್ನು ಎತ್ತಿಕೊಳ್ಳುವಂತೆ ನಟಿಸಿ ಇನ್ನೊಂದನ್ನು ಧರಿಸುವ ಆಟವನ್ನು ಪ್ರಸಿದ್ಧರಾದ ಹುಡುಗರು ಆಡುವುದುಂಟು. ದೂರದರ್ಶನದವರು ಅದನ್ನು ದೇಶಕ್ಕೆಲ್ಲ ತೋರಿಸುವರು. ಮೂರನೆಯದು, ಹಣ. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಜಾಹೀರಾತುಗಳ ಮೂಲಕ ಹಣ ಸಂಪಾದಿಸಲು ಅನುಮತಿ ದೊರೆಯಿತು. 2025ರ ಜೂನ್ 6ರಂದು ನ್ಯಾಯಸ್ಥಾನವು ಒಪ್ಪಿದ ರಾಜಿಯಂತೆ, ಅದೇ ಜುಲೈಯಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡುವುದಕ್ಕೂ ಮಾರ್ಗವಾಯಿತು. ದುಡಿದವರಿಗೆ ಕೂಲಿ ಸಲ್ಲುವುದು ನ್ಯಾಯವೇ. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಹದಿನೇಳು ವರ್ಷದ ಮಗುವಿನ ಮುಂದೆ ಶಾಲೆಯು ಹಾಕುವ ಮೇಜು ಸಂತೆಯ ಕಟ್ಟೆಯಂತೆ ಕಾಣದ ಹಾಗೆ ನೋಡಿಕೊಳ್ಳುವ ಹೊಣೆ ಇದರಿಂದ ಇಮ್ಮಡಿಯಾಗಿದೆ.

ನಾಲ್ಕನೆಯ ದೋಷವೇ ನಮ್ಮ ಮನಸ್ಸನ್ನು ಹೆಚ್ಚಾಗಿ ನೋಯಿಸುವಂಥದು. ಮೇಜಿನ ಮುಂದೆ ಯಾರನ್ನು ಕೂರಿಸಬೇಕು? ಆ ದೇಶದಲ್ಲಿ ಸುಮಾರು 80 ಲಕ್ಷ ಹೈಸ್ಕೂಲು ಮಕ್ಕಳು ಆಡುವರು. ಮಹಾಸಂಘಕ್ಕೆ ಸೇರಿದ ಕಾಲೇಜುಗಳಲ್ಲಿ ಆಡುವವರು ಸುಮಾರು 5 ಲಕ್ಷ ಮಾತ್ರ. ಆಟಕ್ಕಾಗಿ ಸ್ವಲ್ಪವಾದರೂ ವಿದ್ಯಾರ್ಥಿವೇತನ ಪಡೆಯುವವರು ಹೈಸ್ಕೂಲು ಆಟಗಾರರಲ್ಲಿ ನೂರಕ್ಕೆ ಸುಮಾರು ಇಬ್ಬರು. ಆ ಮಹಾಸಂಘದ ಕಾಲೇಜುಗಳಲ್ಲಿ ಮೂರು ವರ್ಗಗಳುಂಟು. ಮೂರನೆಯ ವರ್ಗದಲ್ಲಿ 400ಕ್ಕಿಂತ ಹೆಚ್ಚು ಕಾಲೇಜುಗಳಿದ್ದು, ಅವು ಆಟಕ್ಕಾಗಿ ಒಂದು ಡಾಲರನ್ನೂ ಕೊಡುವುದಿಲ್ಲ. ಹಾರ್ವರ್ಡ್, ಯೇಲ್ ಮೊದಲಾದ ಎಂಟು ಪುರಾತನ ವಿದ್ಯಾಲಯಗಳ ‘ಐವಿ ಲೀಗ್’ ಒಂದನೆಯ ವರ್ಗದಲ್ಲಿದ್ದರೂ ಆಟದ ವಿದ್ಯಾರ್ಥಿವೇತನವನ್ನು ಕೊಡುವುದಿಲ್ಲ. ಅಲ್ಲಿಗೆ ಹೋಗಿ ಆಡುವ ಹುಡುಗಿಯು ಬೆಳಗಿನ ಜಾವಕ್ಕೆ ಏಳುವುದೂ ಅಷ್ಟೇ ನಿಜ, ಮೊಣಕಾಲು ತರಚಿಕೊಳ್ಳುವುದೂ ಅಷ್ಟೇ ನಿಜ. ಸಂಕಲ್ಪಪತ್ರವಾದರೋ ವಿದ್ಯಾರ್ಥಿವೇತನ ಪಡೆದವರಿಗೆ ಮಾತ್ರ ಇದ್ದುದು. ಹೀಗಾಗಿ ಆಟದ ಪ್ರೀತಿಯಿಂದಲೇ ಆಡಲು ಹೊರಟವಳು ಪ್ರೇಕ್ಷಕರ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಬೇಕಾದ ಪ್ರಸಂಗ ಬರುತ್ತಿತ್ತು.

ಆದರೆ ಅಲ್ಲಿಯ ಉಪಾಧ್ಯಾಯರು ಈ ದೋಷವನ್ನು ಕಂಡು ಸುಮ್ಮನಿರಲಿಲ್ಲ. ಅದು ಅವರಿಗೆ ಶೋಭೆಯನ್ನು ತರತಕ್ಕದ್ದು. ಅನೇಕ ಹೈಸ್ಕೂಲುಗಳು ವರ್ಷದ ಕೊನೆಯಲ್ಲಿ ಒಂದೇ ದಿನವನ್ನು ಗೊತ್ತುಮಾಡಿ, ವೇತನ ಪಡೆದವರನ್ನೂ ಪಡೆಯದವರನ್ನೂ, ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗುವವರನ್ನೂ ಎರಡು ವರ್ಷದ ಸಣ್ಣ ಕಾಲೇಜಿಗೆ ಹೋಗುವವರನ್ನೂ ಒಂದೇ ಮೇಜಿನ ಮುಂದೆ ಕೂರಿಸುವುವು. ಮೂರನೆಯ ವರ್ಗದ ಕಾಲೇಜುಗಳಿಗೆ ಸೇರುವವರಿಗಾಗಿ ಮಹಾಸಂಘವೇ 2010ರ ದಶಕದಲ್ಲಿ ಒಂದು ಸಂಭ್ರಮಪತ್ರವನ್ನು ಏರ್ಪಡಿಸಿತು. ಅದು ಯಾರನ್ನೂ ಯಾವುದಕ್ಕೂ ಕಟ್ಟುವುದಿಲ್ಲ. ಆದರೂ ಆ ಹುಡುಗಿಗೂ ಒಂದು ಕುರ್ಚಿ ದೊರೆಯಿತು, ಅವಳ ತಾಯಿಗೂ ಪಕ್ಕದಲ್ಲಿ ಒಂದು ಕುರ್ಚಿ ದೊರೆಯಿತು.

ಮತ್ತೆ ಕೆಲವರು ಇನ್ನೂ ಮುಂದೆ ಹೋದರು. 2014ರಲ್ಲಿ ಆಗಿನ ಅಧ್ಯಕ್ಷರ ಪತ್ನಿಯಾಗಿದ್ದ ಮಿಷೆಲ್ ಒಬಾಮಾ ಅವರು, ಆಟಗಾರರಿಗೆ ದೊರೆಯುವ ಸಂಭ್ರಮವು ಕಾಲೇಜಿಗೆ ಹೋಗುವ ಮಕ್ಕಳಿಗೆಲ್ಲ ದೊರೆಯಬೇಕೆಂಬ ಉದ್ದೇಶದಿಂದ ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ನಗರದಲ್ಲಿ ಸಹಿಯ ದಿನದಲ್ಲಿ ಭಾಗವಹಿಸಿ, ಪ್ರತಿವರ್ಷ ಅದನ್ನು ನಡೆಸುವಂತೆ ಪ್ರೋತ್ಸಾಹಿಸಿದರು. 2018ರಲ್ಲಿ ವರ್ಜೀನಿಯಾ ಸಂಸ್ಥಾನದ ಹೆನ್ರೈಕೋ ಪ್ರಾಂತದ ಶಾಲೆಗಳವರು ಕಾಲೇಜಿಗೆ ಹೋಗದೆ ಕೈಕಸುಬಿಗೆ ಸೇರುವ ಮಕ್ಕಳಿಗಾಗಿ ಅಂಥದೇ ಮೇಜನ್ನು ಹಾಕಿದರು. ಯಂತ್ರಗಳ ಕೆಲಸ ಮೊದಲಾದವುಗಳಿಗೆ ಹೋಗಲಿದ್ದ ಮಕ್ಕಳು ತಮ್ಮನ್ನು ಕೆಲಸಕ್ಕೆ ತೆಗೆದುಕೊಂಡವರ ಜೊತೆಯಲ್ಲಿ ಕುಳಿತು ಸಹಿಮಾಡಿದ ಚಿತ್ರವನ್ನು ದೇಶದವರೆಲ್ಲ ಮೆಚ್ಚಿದರು. ಆಟದಿಂದ ಹುಟ್ಟಿದ ಗೌರವವು ಹೀಗೆ ಹರಡಿ ಆಟವಾಡದ ಮಗುವಿಗೂ ನೆರಳಾದುದು ಸಂತೋಷದ ಸಂಗತಿ.

ಸಂತ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಓಟದ ಪಂದ್ಯದ ದೃಷ್ಟಾಂತವನ್ನು ಹೇಳಿರುವನೆಂಬುದು ನಮ್ಮ ಮಕ್ಕಳಿಗೆಲ್ಲ ಗೊತ್ತು. ಆ ಊರಿನ ಸಮೀಪದಲ್ಲಿಯೇ ಗ್ರೀಕರ ಹೆಸರಾಂತ ಪಂದ್ಯಗಳು ನಡೆಯುತ್ತಿದ್ದುವು. ಗೆದ್ದವನಿಗೆ ಎಲೆಗಳ ಕಿರೀಟವನ್ನು ತೊಡಿಸುತ್ತಿದ್ದರು. ಅಪೊಸ್ತಲನು ಆ ಕಿರೀಟವು ಬಾಡುವುದೆಂಬುದನ್ನು ಎತ್ತಿಹೇಳಿದನು. ಆದರೆ ಓಟಗಾರನು ತನ್ನ ದೇಹವನ್ನು ಅಂಕೆಯಲ್ಲಿಟ್ಟು ಸಾಧನೆ ಮಾಡುವುದನ್ನು ಹಳಿಯಲಿಲ್ಲ, ಅದನ್ನೇ ಮಾದರಿಯಾಗಿ ತೋರಿಸಿದನು. ಶಾಲೆಗೂ ಇದೇ ದಾರಿ. ಬಾಡುವ ಕಿರೀಟವನ್ನು ಹೊಗಳಲು ಬೇಕಾದಷ್ಟು ಜನರಿರುವರು. ಸಾಧನೆಯನ್ನು ಕಂಡವರು ಶಾಲೆಯವರು ಮಾತ್ರ. ಸೋತ ಪಂದ್ಯದ ಮರುದಿನ ಬೆಳಿಗ್ಗೆ ಯಾರು ಮೊದಲು ಅಂಗಳಕ್ಕೆ ಬಂದರು, ಚಿಕ್ಕ ತರಗತಿಯ ಮಕ್ಕಳಿಗೆ ಚೆಂಡು ಹಿಡಿಯುವುದನ್ನು ಯಾರು ತಾಳ್ಮೆಯಿಂದ ಕಲಿಸಿದರು, ಯಾರು ತಾವು ಆಡದ ದಿನವೂ ನೀರಿನ ಕೊಡವನ್ನು ಹೊತ್ತುತಂದರು ಎಂಬುದು ಯಾವ ಕಾಲೇಜಿನವರಿಗೂ ತಿಳಿಯದು. ಅದನ್ನು ಬಾಯಿಬಿಟ್ಟು ಹೇಳುವುದೇ ಶಾಲೆಯು ಸಲ್ಲಿಸಬಹುದಾದ ಗೌರವ. ಅಮೇರಿಕಾದ ಸಹಿಯ ಮೇಜಿನ ಬಳಿಯಲ್ಲಿಯೂ, ಟೋಪಿ ಬಾವುಟಗಳಿಗಿಂತ ಆಟ ಕಲಿಸಿದವರು ಎದ್ದುನಿಂತು ಆಡುವ ಆ ನಾಲ್ಕು ಮಾತುಗಳೇ ಬೆಲೆಯುಳ್ಳವೆಂದು ನಮ್ಮ ಭಾವನೆ.

ಈಗ ನಮ್ಮ ಶಾಲೆಯ ಮಾತು. ನಮ್ಮ ನಾಡಿನಲ್ಲಿ ಅಂಥ ಸಂಕಲ್ಪಪತ್ರವಿಲ್ಲ. ವೃತ್ತಿಶಿಕ್ಷಣದ ಕಾಲೇಜುಗಳ ಪ್ರವೇಶದಲ್ಲಿ ಕ್ರೀಡೆಯ ಕೋಟಾ ಉಂಟು. ಕೆಲವು ಕಾಲೇಜುಗಳು ಒಳ್ಳೆಯ ಆಟಗಾರ್ತಿಯರಿಗೆ ಸ್ಥಳವನ್ನೂ ಶುಲ್ಕದಲ್ಲಿ ರಿಯಾಯಿತಿಯನ್ನೂ ಕೊಡುವುವು. ನಮ್ಮ ಹೆಣ್ಣುಮಕ್ಕಳಿಗೆ ಸಮುದ್ರದಾಚೆಯ ದಾರಿಯೂ ಮುಚ್ಚಿಲ್ಲ. ಬೆಂಗಳೂರಿನ ಬಾಸ್ಕೆಟ್‌ಬಾಲ್ ಆಟಗಾರ್ತಿ ಸಂಜನಾ ರಮೇಶ್ ಅವರು ಇತ್ತೀಚಿನ ವರ್ಷಗಳಲ್ಲಿ ಅಮೇರಿಕಾದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಆಟದ ವಿದ್ಯಾರ್ಥಿವೇತನದ ಮೇಲೆ ಹೋಗಿ ಆಡಿದುದು ಪತ್ರಿಕೆಗಳನ್ನು ಓದುವವರಿಗೆ ತಿಳಿದ ಸಂಗತಿ. ಆದರೆ ನಮ್ಮ ಶಾಲೆಯ ಕಷ್ಟವು ಕಾಲೇಜಿನ ಬಾಗಿಲಿನಲ್ಲಿ ಆರಂಭವಾಗುವುದಲ್ಲ. ಅದಕ್ಕೆ ಬಹಳ ಮೊದಲೇ, ಹತ್ತನೆಯ ತರಗತಿಯ ಜೂನ್ ತಿಂಗಳಿನಲ್ಲಿ ಆರಂಭವಾಗುವುದು.

ಪ್ರತಿವರ್ಷವೂ ಆ ತಿಂಗಳಿನಲ್ಲಿ ನಾಲ್ಕೈದು ಹುಡುಗಿಯರು ಮನೆಯಿಂದ ಚೀಟಿಯನ್ನು ತೆಗೆದುಕೊಂಡು ನಮ್ಮ ಕೊಠಡಿಯ ಬಾಗಿಲಿನಲ್ಲಿ ನಿಲ್ಲುವರು. ‘ಈ ವರ್ಷ ಎಸ್.ಎಸ್.ಎಲ್.ಸಿ. ಇರುವುದರಿಂದ ನಮ್ಮ ಮಗಳನ್ನು ಆಟದಿಂದ ಬಿಡಿಸಬೇಕಾಗಿ ವಿನಂತಿ’ ಎಂಬುದೇ ಆ ಚೀಟಿಗಳ ಸಾರಾಂಶ. ಹುಡುಗಿಯು ತೊಳೆದು ಮಡಿಸಿದ ತಂಡದ ಅಂಗಿಯನ್ನು ಮೇಜಿನ ಮೇಲಿಟ್ಟು, ತಲೆ ಬಗ್ಗಿಸಿ ಹೋಗುವಳು. ತಂದೆತಾಯಿಗಳನ್ನು ನಾವು ದೂರುವುದಿಲ್ಲ. ಅಂಕಗಳ ಭಯ ನಿಜವಾದದ್ದು. ಸಂಜೆ ಹೊತ್ತು ಮೀರಿ ಮನೆಗೆ ಬರುವ ಮಗಳ ಚಿಂತೆ ನಿಜವಾದದ್ದು. ಬಿಸಿಲಿನಲ್ಲಿ ಕಪ್ಪಾಗುವಳೆಂಬ ನೆಂಟರ ಮಾತು ಕೂಡ ಎಷ್ಟೋ ಮನೆಗಳಲ್ಲಿ ಇನ್ನೂ ಸತ್ತಿಲ್ಲ. ಆದರೆ ಒಮ್ಮೆ ಹಾಗೆ ಅಂಗಿಯನ್ನು ಒಪ್ಪಿಸಿಹೋದವರಲ್ಲಿ ಮರಳಿ ಅಂಗಳಕ್ಕೆ ಬಂದವರು ಅತಿ ಸ್ವಲ್ಪ. ಅವರನ್ನು ಯಾವ ಕಾಲೇಜೂ ತಿರಸ್ಕರಿಸಲಿಲ್ಲ; ಅವರನ್ನು ಯಾವ ಕಾಲೇಜೂ ನೋಡಲೇ ಇಲ್ಲ.

ಇದನ್ನೆಲ್ಲ ವಿಚಾರಿಸಿ, ಉಪಾಧ್ಯಾಯಿನಿಯರೊಡನೆಯೂ ಆಡಳಿತ ಮಂಡಲಿಯವರೊಡನೆಯೂ ಆಲೋಚಿಸಿ, ಮುಂದಿನ ವಾರ್ಷಿಕ ಕ್ರೀಡೋತ್ಸವದಿಂದ ನಮ್ಮ ಶಾಲೆಯಲ್ಲಿಯೂ ಒಂದು ಮೇಜನ್ನು ಹಾಕುವುದೆಂದು ನಿಶ್ಚಯಿಸಿರುವೆವು. ಅದರ ಮೇಲೆ ಟೋಪಿಯಾಗಲಿ ಬಾವುಟವಾಗಲಿ ಇರುವುದಿಲ್ಲ. ಗಟ್ಟಿಯಾದ ರಟ್ಟು ಕಟ್ಟಿಸಿದ ಒಂದು ಪುಸ್ತಕ ಮಾತ್ರ ಇರುವುದು. ಹತ್ತನೆಯ ತರಗತಿಯ ಯಾವ ಹುಡುಗಿಯು ಕಾಲೇಜಿಗೆ ಹೋದಮೇಲೆಯೂ ಆಟವನ್ನು ಬಿಡುವುದಿಲ್ಲವೆಂದು ಮನಸ್ಸು ಮಾಡಿರುವಳೋ ಅವಳು ಬಂದು ಅದರಲ್ಲಿ ತನ್ನ ಹೆಸರನ್ನು ಬರೆಯಬಹುದು. ಕೋಟಾದಿಂದ ಸ್ಥಳ ದೊರೆಯುವಂತಿದ್ದರೂ ಸರಿ, ದೊರೆಯದಂತಿದ್ದರೂ ಸರಿ. ಜಿಲ್ಲೆಯ ತಂಡದಲ್ಲಿ ಆಡಿದವಳಾದರೂ ಸರಿ, ತರಗತಿಯ ತಂಡದಲ್ಲಿ ಮಾತ್ರ ಆಡಿದವಳಾದರೂ ಸರಿ. ತಾಯಿಯೋ ತಂದೆಯೋ ಪೋಷಕರೋ ಪಕ್ಕದಲ್ಲಿ ಕುಳಿತು ಅವಳ ಹೆಸರಿನ ಕೆಳಗೆ ತಮ್ಮ ಹೆಸರನ್ನೂ ಬರೆಯಬೇಕು. ಬರೆಯಲು ಬಾರದ ತಾಯಿ ಹೆಬ್ಬೆಟ್ಟನ್ನು ಒತ್ತಿದರೆ ಅದಕ್ಕೆ ಕಡಿಮೆ ಮರ್ಯಾದೆಯಿಲ್ಲ. ವ್ಯಾಯಾಮ ಶಿಕ್ಷಕಿಯವರು ಆ ಮಗುವಿನ ವಿಷಯದಲ್ಲಿ ತಾವು ಕಣ್ಣಾರೆ ಕಂಡ ಎರಡು ಮಾತನ್ನು ಹೇಳುವರು. ಗೆದ್ದ ಬಟ್ಟಲುಗಳ ಲೆಕ್ಕವನ್ನಾಗಲಿ ದೊರೆತ ಹಣದ ಲೆಕ್ಕವನ್ನಾಗಲಿ ಆ ಮೇಜಿನ ಬಳಿ ಯಾರೂ ಎತ್ತತಕ್ಕದ್ದಲ್ಲ. ಚಿಕ್ಕ ತರಗತಿಯವರಿಂದ ಈ ಮಾತನ್ನು ಪಡೆಯತಕ್ಕದ್ದಲ್ಲ. ಬರೆದವಳು ಮುಂದೆ ಕಾರಣಾಂತರದಿಂದ ಆಟವನ್ನು ಬಿಡಬೇಕಾಗಿ ಬಂದರೆ ಅವಳನ್ನು ಮಾತಿಗೆ ತಪ್ಪಿದವಳೆಂದು ಯಾರೂ ಎಣಿಸತಕ್ಕದ್ದಲ್ಲ.

ತಂದೆತಾಯಿಗಳಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ. ಜೂನ್ ತಿಂಗಳಿನಲ್ಲಿ ಚೀಟಿ ಬರೆಯುವ ಮೊದಲು ಒಂದು ಸಲ ಶಾಲೆಗೆ ಬಂದು ನಮ್ಮೊಡನೆ ಮಾತನಾಡಿರಿ. ಹತ್ತನೆಯ ತರಗತಿಯವರ ಆಟವನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿ, ಸಂಜೆ ಐದೂವರೆಗೆ ಮುಗಿಸಿ, ಮನೆಯ ದಾರಿಗೆ ಜೊತೆ ಮಾಡಿ ಕಳುಹಿಸಲು ನಾವು ಸಿದ್ಧರಾಗಿರುವೆವು. ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಒಂದು ಮಾತು. ನಿಮ್ಮಲ್ಲಿ ಅನೇಕರು ಈ ಅಂಗಳದಲ್ಲಿ ಆಡಿ, ಅದೇ ರೀತಿಯಲ್ಲಿ ಅಂಗಿಯನ್ನು ಮಡಿಸಿಟ್ಟು ಹೋದವರೇ. ಕ್ರೀಡೋತ್ಸವದ ದಿನ ಬನ್ನಿರಿ. ಪುಸ್ತಕದ ಮೊದಲನೆಯ ಹಾಳೆಗಳನ್ನು ನಿಮಗಾಗಿಯೇ ಬಿಡಿಸಿಟ್ಟಿರುವೆವು. ನೀವು ಆಡಿದ ವರ್ಷವನ್ನೂ ಆಟವನ್ನೂ ಅಲ್ಲಿ ಬರೆಯಿರಿ. ನಿಮ್ಮ ಹೆಸರುಗಳ ಕೆಳಗೆ ತಮ್ಮ ಹೆಸರನ್ನು ಬರೆಯುವ ಮಕ್ಕಳಿಗೆ ಅದಕ್ಕಿಂತ ದೊಡ್ಡ ಆಶೀರ್ವಾದವಿಲ್ಲ.

ಮಕ್ಕಳ ಕೈಕಾಲುಗಳಿಗೆ ಬಲವನ್ನು ಕೊಟ್ಟ ದಯಾಮಯನಾದ ದೇವರು, ಆ ಬಲವನ್ನು ಕಂಡು ಸಂತೋಷಪಡುವ ಮನಸ್ಸನ್ನು ನಮ್ಮೆಲ್ಲರಿಗೂ ಅನುಗ್ರಹಿಸಲಿ.